ಒಂದು ಸಂಸಾರ, ಮೂರು ನೆಲ

ಮನೆ ಕಟ್ಟುವುದಕ್ಕೆ ಮೊದಲು ನೆಲವನ್ನು ಪರೀಕ್ಷಿಸಬೇಕೆಂಬ ವಿಧಿ ನಮ್ಮಲ್ಲಿ ಬಹು ಪ್ರಾಚೀನವಾದುದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮಣ್ಣಿನ ಬಣ್ಣ, ವಾಸನೆ, ರುಚಿಗಳನ್ನು ನೋಡಿ ನಿವೇಶನವನ್ನು ಆರಿಸಿಕೊಳ್ಳುವ ಕ್ರಮವೂ, ಒಂದು ಮೊಳದ ಗುಂಡಿಯನ್ನು ತೋಡಿ, ತೆಗೆದ ಮಣ್ಣನ್ನೇ ಮತ್ತೆ ಅದರಲ್ಲಿ ತುಂಬಿ, ಮಣ್ಣು ಮಿಕ್ಕರೆ ಶುಭವೆಂದೂ ಸಾಲದೆ ಹೋದರೆ ಅಶುಭವೆಂದೂ ನಿರ್ಣಯಿಸುವ ಕ್ರಮವೂ ಹೇಳಲ್ಪಟ್ಟಿವೆ. ಸಡಿಲವಾದ ನೆಲದ ಮೇಲೆ ಗೋಡೆ ನಿಲ್ಲದೆಂಬ ಅನುಭವವೇ ಆ ವಿಧಿಯ ಮೂಲವಾಗಿರಬೇಕು. ಆದರೆ ಬಣ್ಣವೂ ಇಲ್ಲದ, ವಾಸನೆಯೂ ಇಲ್ಲದ, ರುಚಿಯೂ ಇಲ್ಲದ ಒಂದು ಅನಿಲವು ನೆಲದಿಂದ ಸದಾ ಏಳುತ್ತ, ಅಡಿಪಾಯದ ಬಿರುಕುಗಳಲ್ಲಿ ನುಸುಳಿ, ಮನೆಯ ಗಾಳಿಯಲ್ಲಿ ಬೆರೆತು, ಅಲ್ಲಿ ಉಸಿರಾಡುವವರ ಶ್ವಾಸಕೋಶವನ್ನು ವರ್ಷಾನುವರ್ಷ ಘಾಸಿಗೊಳಿಸಬಲ್ಲುದೆಂಬುದನ್ನು ಯಾವ ಪ್ರಾಚೀನ ಸ್ಥಪತಿಯೂ ಊಹಿಸುವಂತಿರಲಿಲ್ಲ. ಆ ಅನಿಲದ ಹೆಸರು ರೇಡಾನ್.

ಚೆಂಬೂರು, ಮಾಟುಂಗಾ, ಘಾಟ್‌ಕೋಪರ್, ಮುಲುಂಡ್, ಡೊಂಬಿವಲಿಗಳಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆಸಿರುವ ನಮ್ಮ ಮುಂಬಯಿ ಕನ್ನಡಿಗರಲ್ಲಿ ಅನೇಕರಿಗೆ ಇಂದು ಮನೆಯೆಂಬುದು ಒಂದೇ ಕಡೆ ಇಲ್ಲ. ಹಿರಿಯರು ಮುಂಬಯಿಯ ಸೊಸಾಯಿಟಿಯೊಂದರ ಮೂರನೆಯ ಮಹಡಿಯಲ್ಲಿ ಇದ್ದಾರೆ. ಮಕ್ಕಳು ಅಮೆರಿಕದ ನ್ಯೂಜೆರ್ಸಿಯಲ್ಲಿಯೋ ಪೆನ್ಸಿಲ್ವೇನಿಯಾದಲ್ಲಿಯೋ ಸಾಲ ಮಾಡಿ ಮನೆ ಕೊಂಡಿದ್ದಾರೆ. ನಿವೃತ್ತಿಯ ಹಣದಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸೈಟು ಕೊಂಡು, ಅಲ್ಲೊಂದು ಮನೆ ಎಬ್ಬಿಸುವ ಆಲೋಚನೆಯೂ ನಡೆದಿದೆ. ಒಂದೇ ಸಂಸಾರವು ಹೀಗೆ ಮೂರು ಬಗೆಯ ಶಿಲೆಗಳ ಮೇಲೆ ಹರಡಿಕೊಂಡಿರುವಾಗ, ರೇಡಾನಿನ ಪ್ರಶ್ನೆಗೆ ಆ ಮೂರು ಮನೆಗಳಲ್ಲಿ ಮೂರು ಉತ್ತರಗಳು ದೊರೆಯುತ್ತವೆ. ಅಳೆದು ನೋಡಿದ ಮೇಲೆಯೇ ಭಯಪಡಬೇಕು, ಅಳೆದು ನೋಡಿದ ಮೇಲೆಯೇ ನಿಶ್ಚಿಂತರಾಗಬೇಕು ಎಂಬುದನ್ನು ನಮ್ಮವರಿಗೆ ಹೇಳಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಯುರೇನಿಯಮ್ ಗಣಿಗಳಲ್ಲಿ ಮಾತ್ರ ಇರುವ ಧಾತುವೆಂದು ಭಾವಿಸುವವರೇ ಹೆಚ್ಚು. ನಿಜವಾಗಿ ಅದು ಎಲ್ಲ ಕಲ್ಲುಗಳಲ್ಲಿಯೂ ಎಲ್ಲ ಮಣ್ಣಿನಲ್ಲಿಯೂ ಲೇಶಮಾತ್ರವಾಗಿ ಹರಡಿಕೊಂಡಿದೆ. ಅದು ಕೋಟ್ಯಂತರ ವರ್ಷಗಳಲ್ಲಿ ಮೆಲ್ಲಮೆಲ್ಲನೆ ಕ್ಷಯಿಸುತ್ತ ಹೋಗಿ ರೇಡಿಯಮ್ ಆಗುತ್ತದೆ. ರೇಡಿಯಮ್ ಒಡೆದು ರೇಡಾನ್ ಆಗುತ್ತದೆ. ರೇಡಿಯಮ್ಮಿನವರೆಗಿನ ಪರಂಪರೆಯೆಲ್ಲ ಘನವಸ್ತುಗಳದು, ಹುಟ್ಟಿದಲ್ಲಿಯೇ ಬಿದ್ದಿರತಕ್ಕವುಗಳು. ರೇಡಾನ್ ಮಾತ್ರ ಅನಿಲ. ಅದರಲ್ಲಿಯೂ ಬೇರೆ ವಸ್ತುಗಳೊಡನೆ ಸುಲಭವಾಗಿ ಸಂಯೋಗ ಹೊಂದದ ಜಡಾನಿಲವಾದುದರಿಂದ, ಮಣ್ಣಿನ ಕಣಕಣಗಳ ನಡುವಿನ ಅವಕಾಶಗಳಲ್ಲಿ ನಿರಾತಂಕವಾಗಿ ಸಂಚರಿಸಬಲ್ಲುದು. ಅದರ ಅರ್ಧಾಯು 3.8 ದಿವಸ, ಅಷ್ಟು ಕಾಲವು ನೆಲದಡಿಯಿಂದ ಹೊರಟು ಮನೆಯೊಳಕ್ಕೆ ಬಂದು ಸೇರುವುದಕ್ಕೆ ಧಾರಾಳವಾಗಿ ಸಾಕು.

ಒಳಗೆ ಉಸಿರಾಗಿ ಹೋದ ರೇಡಾನಿನ ಬಹುಭಾಗವು ಉಸಿರಿನೊಡನೆಯೇ ಹೊರಬರುತ್ತದೆ. ಕೇಡು ಮಾಡತಕ್ಕುದು ಅದರ ಸಂತತಿ. ರೇಡಾನ್ ಒಡೆದಾಗ ಹುಟ್ಟುವ ಪೊಲೋನಿಯಮ್, ಸೀಸ, ಬಿಸ್ಮತ್‌ಗಳ ಅಲ್ಪಾಯುಷಿ ಪರಮಾಣುಗಳು ಮತ್ತೆ ಘನರೂಪದವು. ಅವು ಗಾಳಿಯ ಧೂಳಿಗೆ ಅಂಟಿಕೊಂಡು ಶ್ವಾಸನಾಳದ ಒಳಗೋಡೆಯ ಮೇಲೆ ಕುಳಿತು, ಅಲ್ಲಿಯೇ ಒಡೆದು, ಆಲ್ಫಾ ಕಣಗಳನ್ನು ಎಸೆಯುತ್ತವೆ. ಒಂದು ಹಾಳೆ ಕಾಗದವನ್ನೂ ದಾಟಲಾರದ ಆ ಕಣವು, ಜೀವಕೋಶಕ್ಕೆ ತಾಗಿಯೇ ಹುಟ್ಟಿದಾಗ, ತನ್ನ ಶಕ್ತಿಯೆಲ್ಲವನ್ನೂ ಅಲ್ಲಿಯೇ ಸುರಿದುಬಿಡುತ್ತದೆ. ಮಧ್ಯ ಯುರೋಪಿನ ಶ್ನೀಬರ್ಗ್ ಮತ್ತು ಯೋಆಖಿಮ್‌ಸ್ತಾಲ್ ಗಣಿಗಳ ಕೆಲಸಗಾರರು ಎದೆಯ ರೋಗದಿಂದ ಅಕಾಲದಲ್ಲಿ ಸಾಯುತ್ತಿದ್ದುದು ಹದಿನಾರನೆಯ ಶತಮಾನದಿಂದಲೂ ತಿಳಿದಿತ್ತು. ಅದು ಶ್ವಾಸಕೋಶದ ಅರ್ಬುದವೆಂಬುದು 1879ರಲ್ಲಿ ಗೋಚರವಾಯಿತು. ಡಾರ್ನ್ ಎಂಬ ಜರ್ಮನ್ ವಿಜ್ಞಾನಿ 1900ರಲ್ಲಿ ರೇಡಿಯಮ್ಮಿನಿಂದ ಹೊರಡುವ ಈ ಅನಿಲವನ್ನು ಗುರುತಿಸಿದ ಮೇಲೆಯೇ ರೋಗಕ್ಕೂ ಗಣಿಯ ಗಾಳಿಗೂ ಇದ್ದ ಸಂಬಂಧವು ಕ್ರಮೇಣ ಬಿಡಿಸಿ ತೋರಿತು. ಇಂದು ವಿಶ್ವ ಆರೋಗ್ಯ ಸಂಸ್ಥೆಯು ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ನೂರಕ್ಕೆ 3ರಿಂದ 14ರವರೆಗೆ ರೇಡಾನಿನ ಪಾಲೆಂದು, ಆಯಾ ದೇಶದ ಪರಿಸ್ಥಿತಿಗೆ ತಕ್ಕಂತೆ, ಎಣಿಸುತ್ತದೆ. ಹೊಗೆಬತ್ತಿಯ ತರುವಾಯದ ಸ್ಥಾನ ಇದಕ್ಕೆ. ಎರಡೂ ಕೂಡಿದಲ್ಲಿ, ಅಂದರೆ ಸೇದುವವನು ರೇಡಾನಿನ ಮನೆಯಲ್ಲಿ ವಾಸಿಸಿದಲ್ಲಿ, ಅಪಾಯವು ಸೇದದವನಿಗಿಂತ ಇಪ್ಪತ್ತೈದು ಪಟ್ಟು ಎಂದು ಅದೇ ಸಂಸ್ಥೆಯ ಅಂದಾಜು.

ಗಣಿಯ ಮಾತು ಮನೆಯ ಮಾತಾದುದು ತೀರ ಈಚೆಗೆ. 1984ರ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಲಿಮರಿಕ್ ಅಣುವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್ ಆಗಿದ್ದ ಸ್ಟಾನ್ಲಿ ವಾಟ್ರಸ್ ಎಂಬಾತನು ಬಾಗಿಲಿನ ವಿಕಿರಣಮಾಪಕದ ಮುಂದೆ ನಿಂತಾಗಲೆಲ್ಲ ಎಚ್ಚರಿಕೆಯ ಗಂಟೆ ಬಾರಿಸತೊಡಗಿತು. ಸ್ಥಾವರವು ಆಗಿನ್ನೂ ಕೆಲಸಕ್ಕೆ ತೊಡಗಿಯೇ ಇರಲಿಲ್ಲ. ಒಂದು ದಿನ ಆತನು ಒಳಗೆ ಕಾಲಿಟ್ಟೊಡನೆಯೇ ಮಾಪಕದ ಮುಂದೆ ನಿಲ್ಲಲು, ಆಗಲೂ ಗಂಟೆ ಬಾರಿಸಿತು. ಆತನು ವಿಕಿರಣವನ್ನು ಸ್ಥಾವರದಿಂದ ಮನೆಗೆ ಒಯ್ಯುತ್ತಿರಲಿಲ್ಲ, ಮನೆಯಿಂದ ಸ್ಥಾವರಕ್ಕೆ ತರುತ್ತಿದ್ದನು! ಮನೆಯ ಗಾಳಿಯನ್ನು ಅಳೆದಾಗ ಘನಮೀಟರಿಗೆ ಸುಮಾರು ಒಂದು ಲಕ್ಷ ಬೆಕೆರೆಲ್ ಕಂಡಿತು. ಅಂದರೆ ಒಂದು ಘನಮೀಟರ್ ಗಾಳಿಯಲ್ಲಿ ಸೆಕೆಂಡಿಗೆ ಒಂದು ಲಕ್ಷ ಪರಮಾಣುಗಳು ಒಡೆಯುತ್ತಿದ್ದವು. ಪೆನ್ಸಿಲ್ವೇನಿಯಾದಿಂದ ನ್ಯೂಜೆರ್ಸಿಯನ್ನು ಹಾದು ನ್ಯೂಯಾರ್ಕಿನ ಕಡೆಗೆ ಹಬ್ಬಿರುವ, ಯುರೇನಿಯಮ್ ಅಂಶ ಹೆಚ್ಚಾದ ಶಿಲಾಶ್ರೇಣಿಯ ಮೇಲೆ ಆ ಮನೆ ನಿಂತಿತ್ತು. ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆಯು ಬಳಿಕ 148 ಬೆಕೆರೆಲನ್ನು, ಅವರ ಲೆಕ್ಕದಲ್ಲಿ ಲೀಟರಿಗೆ 4 ಪಿಕೋಕ್ಯೂರಿಯನ್ನು, ಮನೆ ದುರಸ್ತಿ ಮಾಡಿಸಬೇಕಾದ ಮಟ್ಟವೆಂದು ಗೊತ್ತುಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈಪಿಡಿಯು ಇನ್ನೂ ಬಿಗಿಯಾಗಿ 100ನ್ನು ಸೂಚಿಸಿ, ಅಸಾಧ್ಯವಾದರೂ 300ನ್ನು ದಾಟಬಾರದೆಂದಿತು.

ಆ ಶಿಲಾಶ್ರೇಣಿಗೆ ಬಹಳ ದೂರವಲ್ಲದ ಊರೊಂದರಲ್ಲಿ ನನ್ನ ತಂಗಿಯ ಮಗ ಮನೆ ಕೊಂಡಿದ್ದಾನೆ. ಬೇಸಗೆಗೆ ನಾವು ಹೋಗಿದ್ದಾಗ ಅಲ್ಲಿ ರೇಡಾನ್ ತೆಗೆಯುವ ಕೊಳವೆಯನ್ನು ಕೂಡಿಸುವ ಕೆಲಸ ನಡೆಯಿತು. ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿ, ಇದ್ದಿಲು ತುಂಬಿದ ಚಪ್ಪಟೆ ಡಬ್ಬಿಯನ್ನು ನೆಲಮಾಳಿಗೆಯಲ್ಲಿ ಎರಡು ಮೂರು ದಿನ ತೆರೆದಿಟ್ಟು, ಪ್ರಯೋಗಶಾಲೆಗೆ ಕಳುಹಿಸಿದ್ದರು. ಬಂದ ಉತ್ತರವು ಮಿತಿಯ ಎರಡರಷ್ಟನ್ನು ದಾಟಿತ್ತು. "ಮಾವ, ಮನೆ ನೋಡಲಿಕ್ಕೆ ಬಂದಾಗ ನೆಲಮಾಳಿಗೆ ಎಷ್ಟು ಚಂದ ಉಂಟೆಂದು ಕೊಂಡದ್ದು" ಎಂದು ಅವನು ಪೇಚಾಡಿಕೊಂಡನು. ಮಕ್ಕಳು ಆಡುವುದೂ, ಅವನು ಕುಳಿತು ಕೆಲಸ ಮಾಡುವುದೂ ಆ ನೆಲಮಾಳಿಗೆಯಲ್ಲಿಯೇ.

ಶೀತದೇಶದ ಮನೆಯು ಚಳಿಗಾಲದಲ್ಲಿ ಒಂದು ದೊಡ್ಡ ಹೊಗೆಗೂಡಿನಂತೆ ವರ್ತಿಸುತ್ತದೆ. ಒಳಗೆ ಕಾಯಿಸಿದ ಗಾಳಿಯು ಮೇಲೇರಿ ಛಾವಣಿಯ ಸಂದುಗಳಿಂದ ಹೊರಬೀಳುತ್ತಿರಲು, ಕೆಳಗೆ ಒತ್ತಡವು ಕಿಂಚಿತ್ತು ತಗ್ಗಿ, ನೆಲಮಾಳಿಗೆಯು ತನ್ನ ಕೆಳಗಿನ ಮಣ್ಣಿನ ಗಾಳಿಯನ್ನು ಸದಾ ಹೀರುತ್ತಿರುತ್ತದೆ. ದುರಸ್ತಿಯ ಉಪಾಯವೆಲ್ಲ ಈ ಹೀರುವಿಕೆಯನ್ನು ತಿರುಗಿಸುವುದರಲ್ಲಿದೆ: ಕಾಂಕ್ರೀಟಿನ ಅಡಿಯಲ್ಲಿ ಮನೆಗಿಂತಲೂ ಕಡಿಮೆಯಾದ ಒತ್ತಡವನ್ನು ನಿರ್ಮಿಸಿಬಿಟ್ಟರೆ, ಬಿರುಕಿನಲ್ಲಿ ಗಾಳಿಯು ಮಣ್ಣಿನಿಂದ ಮನೆಗೆ ಏರುವ ಬದಲು ಮನೆಯಿಂದ ಮಣ್ಣಿಗೆ ಇಳಿಯುತ್ತದೆ.

ಬಂದ ಇಬ್ಬರು ಕೆಲಸಗಾರರು ಮೊದಲು ಮೂಲೆಯೊಂದರಲ್ಲಿ, ಬಾಯಿ ಅಗಲವಾದ ಡ್ರಿಲ್ಲಿನಿಂದ, ನೀರು ಹನಿಸುತ್ತ, ಕಾಂಕ್ರೀಟನ್ನು ದುಂಡಗೆ ಕೊರೆದರು. ಆ ಬಿಲ್ಲೆಯನ್ನು ಎತ್ತಿ ತೆಗೆದ ಮೇಲೆ, ಕೈಹಾಕಿ ಕೆಳಗಿನ ಜಲ್ಲಿ ಮಣ್ಣನ್ನು ತೆಗೆತೆಗೆದು ಸಣ್ಣ ಹಗೇವು ಮಾಡಿದರು. ಎದುರು ಮೂಲೆಯಲ್ಲಿ ಬೆರಳು ಹೋಗುವಷ್ಟು ಮತ್ತೊಂದು ತೂತು. ಮೊದಲ ಗುಂಡಿಗೆ ಹೀರುವ ಯಂತ್ರವನ್ನು ಹಚ್ಚಿ, ಎರಡನೆಯ ತೂತಿನ ಬಳಿ ಹೊಗೆಯ ಎಳೆಯೊಂದನ್ನು ಹಿಡಿದಾಗ, ಆ ಹೊಗೆ ನೆಟ್ಟಗೆ ತೂತಿನೊಳಕ್ಕೆ ಇಳಿದುಹೋಯಿತು. ಇಲ್ಲಿ ಹೀರಿದುದು ಅಲ್ಲಿಗೂ ಮುಟ್ಟುತ್ತದೆ, ಇಡೀ ನೆಲಕ್ಕೆ ಒಂದೇ ಗುಂಡಿ ಸಾಕು ಎಂಬುದಕ್ಕೆ ಅದು ಪ್ರಮಾಣ. ಬಳಿಕ ನಾಲ್ಕಂಗುಲದ ಪಿವಿಸಿ ಪೈಪನ್ನು ಗುಂಡಿಯಿಂದ ಎಬ್ಬಿಸಿ, ಜೋಡಣೆಗಳಿಗೆ ನೇರಿಳೆ ಬಣ್ಣದ ದ್ರವವನ್ನೂ ಅಂಟನ್ನೂ ಬಳಿದು, ಒಳಗೆ ತಂಪಾಗಿ ಹನಿಗಟ್ಟುವ ನೀರು ಮರಳಿ ಮಣ್ಣಿಗೇ ಇಳಿಯುವಂತೆ ಸಣ್ಣ ಇಳಿಜಾರು ಕೊಟ್ಟು, ಗೋಡೆಯ ಹೊರಗೆ ಒಯ್ದರು. ಫ್ಯಾನನ್ನು ಕೂಡಿಸಿದುದು ಮನೆಯ ಹೊರಗೆ. ಫ್ಯಾನಿನಿಂದ ಮುಂದಿನ ಪೈಪಿನಲ್ಲಿ ಗಾಳಿಯು ಒತ್ತಡದಲ್ಲಿರುವುದರಿಂದ, ಅಲ್ಲಿ ಒಂದು ಸಂದು ಬಿಟ್ಟರೂ ಅನಿಲವು ಹೊರಗೇ ಹೋಗಲೆಂದು ಈ ನಿಯಮ. ಪೈಪಿನ ಬಾಯಿ ಸೂರನ್ನು ದಾಟಿ, ಕಿಟಕಿಗಳಿಂದ ದೂರ, ಆಕಾಶಕ್ಕೆ ತೆರೆದಿತು. ನೆಲ ಗೋಡೆಗಳು ಕೂಡುವ ಸಂದನ್ನೂ, ಒಸರು ನೀರಿನ ಗುಂಡಿಯ ಬಾಯನ್ನೂ ಮುಚ್ಚಿದರು. ಮುಚ್ಚುವುದು ಇಲ್ಲಿ ಸಹಾಯಕ ಮಾತ್ರ. ಕಣ್ಣಿಗೆ ಕಾಣದ ಕೂದಲಬಿರುಕುಗಳಿಂದಲೂ ಅನಿಲ ಬರುವುದರಿಂದ, ಹೀರದೆ ಬರಿದೆ ಮುಚ್ಚಿದವನಿಗೆ ಫಲವಿಲ್ಲ.

ಕಡೆಗೆ ಪೈಪಿಗೆ ಬಣ್ಣದ ದ್ರವ ತುಂಬಿದ, ಬಳಸು ತಿರುಗಿದ ಗಾಜಿನ ನಳಿಗೆಯೊಂದನ್ನು ಅಂಟಿಸಿದರು. ಫ್ಯಾನ್ ನಿಂತಿದ್ದಾಗ ಎರಡು ತೋಳುಗಳಲ್ಲಿಯೂ ದ್ರವವು ಸಮವಾಗಿತ್ತು; ಸ್ವಿಚ್ಚು ಒತ್ತಿದೊಡನೆ ಒಂದು ತೋಳಿನಲ್ಲಿ ಏರಿ ಇನ್ನೊಂದರಲ್ಲಿ ಇಳಿದು ನಿಂತಿತು. ಅದು ಒತ್ತಡವನ್ನು ತೋರಿಸುವುದೇ ಹೊರತು ರೇಡಾನನ್ನಲ್ಲ. ರೇಡಾನ್ ಇಳಿಯಿತೋ ಇಲ್ಲವೋ ಎಂಬುದಕ್ಕೆ ಒಂದು ದಿನ ಕಳೆದ ಮೇಲೆ ಮತ್ತೆ ಡಬ್ಬಿಯನ್ನಿಟ್ಟು ಅಳೆಯಲೇಬೇಕು. ಎರಡು ವರ್ಷಕ್ಕೊಮ್ಮೆ ಪುನಃ ಅಳೆಯಬೇಕು. ತಂಗಿಯ ಮಗನ ಮನೆಯಲ್ಲಿ ಮಟ್ಟವು ಮಿತಿಗಿಂತ ಬಹಳ ಕೆಳಗೆ ಇಳಿಯಿತು. ಹಗಲಿರುಳೂ ತಿರುಗುವ ಆ ಫ್ಯಾನ್ ಒಂದು ಹಳೆಯ ಬಲ್ಬಿನಷ್ಟು ವಿದ್ಯುತ್ತನ್ನು ತಿನ್ನುತ್ತದೆ.

"ಅಣ್ಣ, ನಮ್ಮ ಚೆಂಬೂರಿನ ಮನೆಯಲ್ಲಿಯೂ ಇದು ಉಂಟಾ?" ಎಂದು ತಂಗಿ ಕೇಳಿದಳು. ಈ ಪ್ರಶ್ನೆಗೆ ಉತ್ತರ ಕೊಡತಕ್ಕ ಸಂಸ್ಥೆಯು ಆಕೆಯ ಮನೆಗೆ ಕೂಗಳತೆಯಲ್ಲಿಯೇ ಇದೆಯೆಂಬುದು ಚೆಂಬೂರಿನ ಭಾಗ್ಯ. 1954ರಲ್ಲಿ ಟ್ರಾಂಬೆಯಲ್ಲಿ ಸ್ಥಾಪಿತವಾಗಿ, 1967ರಿಂದ ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರವೆಂಬ ಹೆಸರನ್ನು ಹೊತ್ತ ಆ ಸಂಸ್ಥೆಗೆ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ನಿರ್ದೇಶಕರಾಗಿದ್ದರು. ಅದರ ನೌಕರರಿರುವ ಅಣುಶಕ್ತಿನಗರದ ವಸತಿಗಳಲ್ಲಿ ಕನ್ನಡದ ಮಾತು ಕೇಳಿಸದ ದಿನವಿಲ್ಲ. ನಾಡಿನ ವಿಶ್ವವಿದ್ಯಾಲಯಗಳನ್ನು ಜೊತೆಗೂಡಿಸಿಕೊಂಡು ಸಾವಿರಾರು ಭಾರತೀಯ ಮನೆಗಳಲ್ಲಿ ರೇಡಾನನ್ನು ಅಳೆಯಿಸಿದ ಕಾರ್ಯದ ಕೇಂದ್ರ ಟ್ರಾಂಬೆಯೇ.

ಅಲ್ಲಿಯೇ ವೃತ್ತಿಜೀವನವನ್ನು ಕಳೆದ ಹಿರಿಯರೊಬ್ಬರು ಆ ಅಳತೆಯ ಸಾಧನವನ್ನು ನನಗೆ ಕೈಯಲ್ಲಿ ಕೊಟ್ಟು ತೋರಿಸಿದರು. ಬೆನ್ನಿಗೆ ಬೆನ್ನು ಕೂಡಿಸಿದ ಎರಡು ಪ್ಲಾಸ್ಟಿಕ್ ಬಟ್ಟಲುಗಳು. ಒಂದೊಂದರೊಳಗೂ ಕಡುಗೆಂಪು ಬಣ್ಣದ, ಅಂಚೆಚೀಟಿಯ ಗಾತ್ರದ ಫಿಲ್ಮಿನ ತುಂಡು. ಎಲ್‌ಆರ್-115 ಎಂಬ ಆ ಫಿಲ್ಮಿನ ಮೇಲೆ ನೈಟ್ರೋಸೆಲ್ಯುಲೋಸಿನ 12 ಮೈಕ್ರೋಮೀಟರ್ ದಪ್ಪದ ಪದರವಿರುತ್ತದೆ. ಆಲ್ಫಾ ಕಣವೊಂದು ಅದನ್ನು ಹೊಕ್ಕರೆ ದಾರಿಯುದ್ದಕ್ಕೂ ಕಾಣದ ಗಾಯವೊಂದು ಉಳಿಯುತ್ತದೆ. ಮೂರು ತಿಂಗಳು ಮನೆಯ ಛಾವಣಿಯಿಂದ ತೂಗಹಾಕಿ ತೆಗೆದ ಫಿಲ್ಮನ್ನು ಬೆಚ್ಚಗಿನ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಗಂಟೆಯೂವರೆಯಷ್ಟು ಕಾಲ ಅದ್ದಿದರೆ, ಗಾಯಗಳು ಕೊರೆದು ತೂತುಗಳಾಗುತ್ತವೆ. ಅನಂತರ ಅಲ್ಯೂಮಿನಿಯಮ್ ಲೇಪಿಸಿದ ತೆಳುಹಾಳೆಗೆ ತಾಗಿಸಿ ವಿದ್ಯುತ್ತನ್ನು ಹಾಯಿಸಲು, ಒಂದೊಂದು ತೂತಿನಲ್ಲಿಯೂ ಒಂದು ಕಿಡಿ ಹಾರುತ್ತದೆ. ಕಿಡಿಗಳನ್ನು ಯಂತ್ರವು ಎಣಿಸುತ್ತದೆ. ಹಾಳೆಯನ್ನು ಬೆಳಕಿಗೆ ಹಿಡಿದರೆ, ಯಾರದೋ ಮನೆಯ ಮೂರು ತಿಂಗಳ ಗಾಳಿಯು ಹೊಳೆಯುವ ಚುಕ್ಕೆಗಳ ರೂಪದಲ್ಲಿ ಕಾಣುತ್ತದೆ. ವರ್ಷದ ನಾಲ್ಕು ಋತುಭಾಗಗಳಲ್ಲಿಯೂ ಹೀಗೆ ಅಳೆಯುವುದು ಪದ್ಧತಿ. ಈಚೆಗೆ ಅದೇ ಕೇಂದ್ರವು ಸೂಜಿರಂಧ್ರಗಳ ಹೊಸ ಬಟ್ಟಲನ್ನೂ, ಆಗಿಂದಾಗಲೇ ಅಂಕೆಯನ್ನು ತೋರಿಸುವ ಕೈಯಂತ್ರವನ್ನೂ ರೂಪಿಸಿದೆ.

ಮುಂಬಯಿಯ ಮಟ್ಟಿಗೆ ಉತ್ತರವು ಸಮಾಧಾನಕರ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಡಿದ ದಖ್ಖನಿನ ಲಾವಾದ ಕಪ್ಪುಶಿಲೆಯ ಮೇಲೆ ಈ ನಗರವಿದೆ. ಅಂಧೇರಿಯ ಗಿಲ್ಬರ್ಟ್ ಹಿಲ್ ಎಂಬ ಕಂಬಗಟ್ಟಿದ ಕರಿಗುಡ್ಡವನ್ನು ನೋಡಿದವರಿಗೆ ಆ ಜ್ವಾಲಾಮುಖೀಯುಗದ ನೆನಪು ಇನ್ನೂ ನಿಂತಿರುವುದು ತಿಳಿಯುತ್ತದೆ. ಈ ಬಸಾಲ್ಟ್ ಶಿಲೆಯಲ್ಲಿ ಯುರೇನಿಯಮ್ ಹತ್ತು ಲಕ್ಷಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಗ್ರಾನೈಟಿನಲ್ಲಿಯಾದರೆ ಮೂರು ನಾಲ್ಕು ಪಾಲು, ಕೆಲವೆಡೆ ಇನ್ನೂ ಹೆಚ್ಚು. ಸಾಲದುದಕ್ಕೆ ಇಲ್ಲಿ ನೆಲಮಾಳಿಗೆಯಲ್ಲಿ ಮಲಗುವ ರೂಢಿಯಿಲ್ಲ. ಹೊಸ ಬಿಲ್ಡಿಂಗುಗಳ ಕೆಳಗೆ ಕಂಬಗಳ ಮೇಲೆ ತೆರೆದ ಪಾರ್ಕಿಂಗ್ ಇರುವುದರಿಂದ ಮಣ್ಣಿನ ಗಾಳಿ ಮನೆಗೆ ಮುಟ್ಟುವ ಮೊದಲೇ ಸಮುದ್ರದ ಗಾಳಿ ಅದನ್ನು ಒಯ್ಯುತ್ತದೆ. ರೇಡಾನ್ ಗಾಳಿಗಿಂತ ಏಳೆಂಟು ಪಟ್ಟು ಭಾರವಾದುದರಿಂದ ಕೆಳಗೇ ನಿಲ್ಲುತ್ತದೆಂದು ಹೇಳುವುದುಂಟು. ಗಾಳಿಯಲ್ಲಿ ಅಷ್ಟು ವಿರಳವಾಗಿ ಬೆರೆತ ಅನಿಲಕ್ಕೆ ಆ ಮಾತು ಸಲ್ಲದು. ಮೇಲಿನ ಮಹಡಿಗಳಲ್ಲಿ ಅದು ಕಡಿಮೆಯಿರುವುದಕ್ಕೆ ಕಾರಣ ಮಣ್ಣು ದೂರವಿರುವುದು.

ಶಹಾಬಾದಿನ ಲಾದಿ ಹಾಸಿದ ಹಳೆಯ ಚಾಳುಗಳ ಕೆಳಗಿನ ಖೋಲಿಗಳು, ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಒಂದೇ ಕೋಣೆಯಲ್ಲಿ ಐದಾರು ಮಂದಿ ಮಲಗುವ ಮನೆಗಳು, ಇವುಗಳ ವಿಷಯದಲ್ಲಿ ಮಾತ್ರ ಅಳತೆಯಿಲ್ಲದೆ ಮಾತಾಡಲು ನಾನು ಒಪ್ಪುವುದಿಲ್ಲ. ಏಸಿ ಹಾಕಿ ಸಂದಿಲ್ಲದಂತೆ ಮುಚ್ಚಿದ ಕೆಳಮಹಡಿಯ ಕೋಣೆಯೂ ಅದೇ ಗುಂಪಿನದು. ಅಡಿಗೆಮನೆಯ ಗ್ರಾನೈಟ್ ಕಟ್ಟೆಯನ್ನು ಕಿತ್ತೆಸೆಯಬೇಕೇ ಎಂದು ಕೇಳುವವರಿದ್ದಾರೆ. ಬೇಕಿಲ್ಲ, ನೆಲದ ಮಣ್ಣಿನ ಮುಂದೆ ಆ ಒಂದು ಚಪ್ಪಡಿಯ ಪಾಲು ಅತ್ಯಲ್ಪ. ಗೊಬ್ಬರದ ಕಾರ್ಖಾನೆಗಳ ಉಪವಸ್ತುವಾದ ಫಾಸ್ಫೋಜಿಪ್ಸಮ್ಮಿನಲ್ಲಿ ರೇಡಿಯಮ್ ಇರುವುದುಂಟು. ಅದನ್ನು ಕಟ್ಟಡಕ್ಕೆ ಬಳಸುವುದಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯು ಮಿತಿಯನ್ನು ವಿಧಿಸಿದೆ.

ಊರ ಕಡೆಯ, ಅಂದರೆ ಉಡುಪಿ ಮಂಗಳೂರುಗಳ ಮುರಕಲ್ಲಿನ ಮನೆಗಳಲ್ಲಿ ಗಾಳಿ ಬೆಳಕು ಧಾರಾಳ. ಉಳ್ಳಾಲದ ಮರಳಿನಲ್ಲಿ ಮೊನಜೈಟ್ ಎಂಬ ವಿಕಿರಣಶೀಲ ಖನಿಜವಿರುವ ಕಡೆಗಳನ್ನು ಮಂಗಳೂರು ವಿಶ್ವವಿದ್ಯಾಲಯದವರು ಬಹುಕಾಲದಿಂದ ಅಧ್ಯಯನ ಮಾಡಿದ್ದಾರೆ. ನಾನು ಒತ್ತಿ ಹೇಳಬೇಕಾದುದು ಬೆಂಗಳೂರಿನ ಮಾತು. ಲಾಲ್‌ಬಾಗಿನ ಬಂಡೆಯು ಸುಮಾರು ಮುನ್ನೂರು ಕೋಟಿ ವರ್ಷ ಹಳೆಯ ನೈಸ್ ಶಿಲೆ. ರಾಮನಗರದ ಬೆಟ್ಟಗಳಾಗಿ ಎದ್ದು, ಆ ಊರಿನ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎನಿಸಿಕೊಂಡು, ಉತ್ತರದಕ್ಷಿಣವಾಗಿ ನೂರಾರು ಕಿಲೋಮೀಟರ್ ಚಾಚಿರುವ ಶಿಲಾಪಂಕ್ತಿಯು ಸುಮಾರು ಇನ್ನೂರೈವತ್ತು ಕೋಟಿ ವರ್ಷಗಳದು. ಈ ಕಲ್ಲುಗಳು ನಮ್ಮ ಮುಂಬಯಿಯ ಕಲ್ಲಿನಂತಲ್ಲ. ಅವುಗಳ ಮೇಲೆ ಈಗ ತಂಪುಗಾಳಿಗೆ ಗಾಜು ಹಾಕಿ ಮುಚ್ಚಿದ, ನೆಲಮಾಳಿಗೆಯಲ್ಲಿ ಸಿನಿಮಾ ನೋಡುವ ಕೋಣೆಯನ್ನಿಟ್ಟ ಮನೆಗಳು ಏಳುತ್ತಿವೆ; ಮುಂಬಯಿಯ ಉಳಿತಾಯವೂ ಅಮೆರಿಕದ ಡಾಲರೂ ಸೇರಿ ಅವು ಏಳುತ್ತಿವೆ. ಅಮೆರಿಕದಲ್ಲಿ ಕೊಳವೆ ಹಾಕಿಸಿದ ಅದೇ ಮಗನು, ಬೆಂಗಳೂರಿನಲ್ಲಿ ತಂದೆತಾಯಿಗಳಿಗಾಗಿ ಕಟ್ಟಿಸುವ ಮನೆಯ ನಕ್ಷೆಯಲ್ಲಿ ಅದರ ಮಾತೆತ್ತದಿರುವುದನ್ನು ಕಂಡು ನನಗೆ ನಿಜವಾಗಿ ವ್ಯಥೆಯಾಯಿತು. ಹಾಗೆಂದು ಬೆಂಗಳೂರಿನ ಮನೆಗಳೆಲ್ಲ ಅಪಾಯದಲ್ಲಿವೆಯೆಂದು ಯಾರೂ ಹೇಳಲಾರರು. ಎರಡು ಪಕ್ಕದ ಮನೆಗಳಲ್ಲಿಯೇ ಮಟ್ಟವು ಬೇರೆ ಬೇರೆಯಾಗಿರುವುದು ಈ ಅನಿಲದ ಸ್ವಭಾವ.

ಕಟ್ಟಿದ ಮೇಲೆ ಕೊರೆಯುವುದಕ್ಕಿಂತ ಕಟ್ಟುವಾಗಲೇ ಸಿದ್ಧಮಾಡುವುದು ಬಹು ಅಗ್ಗ. ನೆಲದ ಕಾಂಕ್ರೀಟಿನ ಕೆಳಗೆ ನಾಲ್ಕಂಗುಲ ಬರಿಯ ಜಲ್ಲಿಯನ್ನು ಹರಡಿ, ಅದರ ಮೇಲೆ ಅಂಚುಗಳು ಒಂದರ ಮೇಲೊಂದು ಬರುವಂತೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಜಲ್ಲಿಯಿಂದ ತಾರಸಿಯವರೆಗೆ ಒಂದು ಪೈಪನ್ನು ಗೋಡೆಯೊಳಗೆ ಎಬ್ಬಿಸಿಬಿಟ್ಟರೆ, ಫ್ಯಾನಿಲ್ಲದೆಯೂ ಅನಿಲದ ಒಂದು ಭಾಗವು ತಾನಾಗಿ ಮೇಲೆ ಹೋಗುತ್ತದೆ. ಆ ಪೈಪಿನ ಬಳಿ ವಿದ್ಯುತ್ತಿನ ತಂತಿಯೊಂದನ್ನು ಬಿಟ್ಟಿರಬೇಕು. ವಾಸಕ್ಕೆ ಬಂದ ಮೇಲೆ, ಕಿಟಕಿಗಳು ಹೆಚ್ಚು ಮುಚ್ಚಿರುವ ಚಳಿಯ ತಿಂಗಳುಗಳನ್ನೊಳಗೊಂಡು ಅಳೆದು, 100ನ್ನು ಮೀರಿದರೆ ಮಾತ್ರ ಫ್ಯಾನನ್ನು ಕೂಡಿಸಬೇಕು. ಕೆಳಗಿನ ಕೋಣೆಗೆ ಬರಿಯ ಎಕ್ಸಾಸ್ಟ್ ಫ್ಯಾನ್ ಹಾಕುವವರು ಒಂದನ್ನು ನೆನಪಿಡಬೇಕು: ಹೊಸ ಗಾಳಿ ಒಳಬರಲು ದಾರಿಯಿಲ್ಲದ ಕೋಣೆಯಿಂದ ಗಾಳಿಯನ್ನು ಹೊರದೂಡಿದರೆ, ಕೋಣೆಯು ಮಣ್ಣಿನಿಂದ ಇನ್ನಷ್ಟು ಹೀರುತ್ತದೆ.

ಉಳಿದುದು ಕೊಳವೆಬಾವಿಯ ನೀರು. ಬೆಂಗಳೂರಿನ ಕೆಲವು ಭಾಗಗಳ ಅಂತರ್ಜಲದಲ್ಲಿ ರೇಡಾನ್ ಲೀಟರಿಗೆ ನೂರಾರು ಬೆಕೆರೆಲ್ ಇರುವುದನ್ನು 2010ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಅಮೆರಿಕದಲ್ಲಿ ಪ್ರಸ್ತಾಪಿಸಲ್ಪಟ್ಟಿದ್ದ ಮಿತಿಯು ಲೀಟರಿಗೆ ಸುಮಾರು 11. ನೀರಿನಲ್ಲಿರುವ ಸಾಂದ್ರತೆಯ ಸುಮಾರು ಹತ್ತುಸಾವಿರದಲ್ಲೊಂದು ಪಾಲಿನಷ್ಟು ಸಾಂದ್ರತೆಯು ಮನೆಯ ಗಾಳಿಯಲ್ಲಿ ಉಂಟಾಗುತ್ತದೆಂಬ ರೂಢಿಯ ಲೆಕ್ಕದಂತೆ, ಲೀಟರಿಗೆ ಸಾವಿರವಿರುವ ನೀರೊಂದೇ ಗಾಳಿಯ ಮಿತಿಯನ್ನು ಮುಟ್ಟಿಸಬಲ್ಲುದು. ಉಪಾಯ ಸುಲಭವಾಗಿದೆ: ನೀರನ್ನು ಬಾವಿಯಿಂದ ನೇರವಾಗಿ ಬಚ್ಚಲಿಗೆ ಹಾಯಿಸದೆ, ಮೊದಲು ಗಾಳಿಯಾಡುವ ತೊಟ್ಟಿಗೆ ಎತ್ತರದಿಂದ ಧಾರೆಯಾಗಿ ಬೀಳಿಸಿ, ಒಂದೆರಡು ದಿನ ನಿಲ್ಲಿಸಿ ಬಳಸಿದರೆ ಅನಿಲದ ಬಹುಪಾಲು ಹೊರಗೇ ಹೋಗುತ್ತದೆ. ತಂಗಿಯ ಮನೆಯ ನಕ್ಷೆಯಲ್ಲಿ ಜಲ್ಲಿಯ ಹಾಸು, ಪೈಪು, ತಾರಸಿಯ ಮೇಲೆ ಬೀಳುವ ನೀರಿನ ತೊಟ್ಟಿ, ಈ ಮೂರನ್ನೂ ಸೇರಿಸಿಯಾಯಿತು. ಮೇಸ್ತ್ರಿಯು ಪೈಪಿನ ಖರ್ಚನ್ನು ಬೇರೆ ಕಾಣಿಸದೆ ಪ್ಲಂಬಿಂಗಿನ ಲೆಕ್ಕದಲ್ಲಿಯೇ ಬರೆದುಕೊಂಡಿದ್ದಾನೆ.